ಪಾಯ ಹಾಕಿ ಕೊಟ್ಟರು, ಮನೆ ಜನರೇ ಕಟ್ಟಿಕೊಂಡರು: ದೋಶಿ ಅವರ ‘ವಾಸ್ತುಶಿಲ್ಪ’ ಸಂಸ್ಥೆ

‘ತ್ರೀ ಈಡಿಯಟ್ಸ್’ ಸಿನಿಮಾದ ಕಾಲೇಜು ನೆನಪಿದೆಯಲ್ಲ? ಆ ಕಲ್ಲಿನ ಕಟ್ಟಡ ಇರೋದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ. ಅದು ಐಐಎಂ. ಅದರ ವಿನ್ಯಾಸ ಅಹಮದಾಬಾದ್‌ನ ‘ವಾಸ್ತುಶಿಲ್ಪ’ ಸಂಸ್ಥೆಯದ್ದು. ಹೆಸರಲ್ಲಿ ವಾಸ್ತು ಇದ್ದರೂ ಇದು ದಿಕ್ಕು ನೋಡಿ ಬಾಗಿಲು ಇಡಿಸುವ ವಾಸ್ತು ಅಲ್ಲ. ಆರ್ಕಿಟೆಕ್ಟ್‌ಗಳ ಕಚೇರಿ.

ಶುರುವಾಗಿದ್ದು ಹೇಗೆ?

ಸ್ಥಾಪಕರು ಬಾಲಕೃಷ್ಣ ದೋಶಿ. 1927ರಲ್ಲಿ ಪುಣೆಯಲ್ಲಿ ಜನನ. ಮನೆತನದ್ದು ಪೀಠೋಪಕರಣದ ವ್ಯಾಪಾರ. ಪ್ಯಾರಿಸ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಲಿ ಕಾರ್ಬೂಸಿಯೇ ಬಳಿ ಕೆಲಸ ಕಲಿತು, ಅವರ ಕಟ್ಟಡಗಳ ಉಸ್ತುವಾರಿಗೆಂದು ಅಹಮದಾಬಾದ್‌ಗೆ ಬಂದರು. 1956ರಲ್ಲಿ ಸ್ವಂತ ಸಂಸ್ಥೆ ಆರಂಭಿಸಿದರು.

ಬಿಸಿಲಿಗೆ ತಕ್ಕ ಕಟ್ಟಡ

ಬೆಂಗಳೂರು ಐಐಎಂ ಕೆಲಸ 1977ರಿಂದ ಹಂತ ಹಂತವಾಗಿ ನಡೆಯಿತು. ಸ್ಥಳೀಯ ಗ್ರಾನೈಟ್ ಗೋಡೆ, ಗಾಳಿ ಬೆಳಕು ಬರುವ ತೆರೆದ ಓಣಿಗಳು, ನಡುನಡುವೆ ಅಂಗಳ, ಮರಗಿಡ. ಅಹಮದಾಬಾದ್‌ನಲ್ಲಿರುವ ಸಂಸ್ಥೆಯ ಸ್ವಂತ ಕಚೇರಿ ‘ಸಂಗತ್’ ಅರ್ಧ ನೆಲದೊಳಗಿದೆ. ಕಮಾನಿನ ಚಾವಣಿಗೆ ಒಡೆದ ಬಿಳಿ ಪಿಂಗಾಣಿ ಚೂರು ಅಂಟಿಸಿದ್ದಾರೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಹೊಡೆಯುತ್ತದೆ, ಒಳಗೆ ತಂಪು.

ಬೆಳೆಯುವ ಮನೆ

ಮುಂದೆ ಮಹಡಿ ಏರಿಸೋಣ ಅಂತ ಚಾವಣಿ ಮೇಲೆ ಕಂಬಿ ಬಿಟ್ಟ ಮನೆಗಳು ಯಾವ ಊರಲ್ಲಿಲ್ಲ? ಬಡವರು ಮನೆ ಕಟ್ಟೋದೇ ಹಾಗೆ, ಕೈಯಲ್ಲಿ ಕಾಸು ಬಂದಂತೆ. ಇಂದೋರ್‌ನ ‘ಅರಣ್ಯ’ ಬಡಾವಣೆಯಲ್ಲಿ ದೋಶಿ ಇದನ್ನೇ ಯೋಜನೆ ಮಾಡಿದರು. ಅತಿ ಬಡವರ ಸೈಟ್ ಸುಮಾರು 35 ಚದರ ಮೀಟರ್, ಅಂದರೆ 20–30 ಸೈಟಿಗಿಂತಲೂ ಚಿಕ್ಕದು. ಅಲ್ಲಿ ಪಾಯ, ಶೌಚಾಲಯ, ನೀರಿನ ಸಂಪರ್ಕ ಮೊದಲೇ ಸಿದ್ಧ. ಕೋಣೆ, ಮಹಡಿ, ಮುಂದೊಂದು ಅಂಗಡಿ, ಇವೆಲ್ಲ ಮನೆಯವರ ಅನುಕೂಲಕ್ಕೆ ಬಿಟ್ಟದ್ದು. ಮಾದರಿಗೆಂದು 80 ಮನೆ ಕಟ್ಟಿ ತೋರಿಸಿದರು. ಉಳ್ಳವರಿಗೆ ದೊಡ್ಡ ಸೈಟ್ ಮಾರಿ ಬಂದ ಲಾಭ ಬಡವರ ಸೈಟಿಗೆ ಆಸರೆಯಾಯಿತು. 6,500ಕ್ಕೂ ಹೆಚ್ಚು ಮನೆಗಳ ಈ ಯೋಜನೆಗೆ 1995ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು.

ಈಗ ಏನಾಗಿದೆ?

2018ರಲ್ಲಿ ದೋಶಿ ಅವರಿಗೆ ಪ್ರಿಟ್ಜ್ಕರ್ ಪ್ರಶಸ್ತಿ ಸಿಕ್ಕಿತು. ಭಾರತೀಯರಿಗೆ ಅದೇ ಮೊದಲು. 2023ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ನಿಧನರಾದರು. ಮೊಮ್ಮಗಳು ಖುಷ್ನು ಹೂಫ್ ಮತ್ತು ಸಹೋದ್ಯೋಗಿಗಳು ಅವರ ಕೆಲಸ ಮುಂದುವರಿಸಿದ್ದಾರೆ.

ಅರಣ್ಯದ ಪಾಠ ಸೈಟ್ ಹಂಚುವ ಎಲ್ಲ ಊರಿಗೂ ಅನ್ವಯಿಸುತ್ತದೆ: ನೀರು, ಚರಂಡಿ, ಪಾಯ ಮೊದಲು ಸರಿಯಾಗಿ ಕೊಟ್ಟರೆ, ಮನೆಯನ್ನು ಜನರೇ ಬೆಳೆಸಿಕೊಳ್ಳುತ್ತಾರೆ.