ಟೀಶರ್ಟಿನ ಟ್ಯಾಜ್, ಕಳ್ಳನಾದ ಹುಲಿ

ಮೊನ್ನೆ ಭಾನುವಾರ ಅಟ್ಟದ ಮೇಲಿನ ಟ್ರಂಕು ಖಾಲಿ ಮಾಡುತ್ತಿದ್ದಾಗ ಕಾಲೇಜು ದಿನಗಳ ಒಂದು ಟೀಶರ್ಟ್ ಸಿಕ್ಕಿತು. ಮೆಜೆಸ್ಟಿಕ್‌ನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು. ಎದೆಯ ಮೇಲೆ ಕಂದು ಬಣ್ಣದ, ದೊಡ್ಡ ಬಾಯಿಯ, ನಾಲಿಗೆ ಹೊರಗೆ ಹಾಕಿದ ಟ್ಯಾಜ್! ನಿಮಗೂ ನೆನಪಿರಬಹುದು. ಬಗ್ಸ್ ಬನ್ನಿ ಕಾರ್ಟೂನಿನಲ್ಲಿ ಸುಂಟರಗಾಳಿ ಥರ ಗಿರಗಿರ ತಿರುಗುತ್ತಾ ಬಂದು ಅಡ್ಡ ಬಂದ ಮರ, ಬಂಡೆ ಎಲ್ಲವನ್ನೂ ಕಡಿದು ಹಾಕುತ್ತಿತ್ತಲ್ಲ, ಅದೇ.

"ಅಪ್ಪಾ, ಇದು ಯಾವ ಪ್ರಾಣಿ?" ಅಂದಳು ಮಗಳು.

ನಿಜ ಹೇಳಬೇಕೆಂದರೆ, ಆ ಟೀಶರ್ಟ್ ಹಾಕಿಕೊಂಡು ತಿರುಗಿದ ಅಷ್ಟೂ ವರ್ಷ ಅದು ಯಾರೋ ಕೂತು ಕಲ್ಪಿಸಿದ ಪ್ರಾಣಿ ಅಂತಲೇ ನಾನು ನಂಬಿದ್ದೆ. ಆಮೇಲೆ ಯಾವಾಗಲೋ ಪೇಪರಿನ ಒಳಪುಟದಲ್ಲಿ ಒಂದು ಪುಟ್ಟ ಸುದ್ದಿ ಓದಿದೆ: ಟಾಸ್ಮೇನಿಯನ್ ಡೆವಿಲ್ ಅನ್ನುವ ಪ್ರಾಣಿಗಳು ಒಂದು ವಿಚಿತ್ರ ಕ್ಯಾನ್ಸರಿನಿಂದ ಸಾಲುಸಾಲಾಗಿ ಸಾಯುತ್ತಿವೆ ಅಂತ. ಪಕ್ಕದಲ್ಲಿ ಫೋಟೋ. ಕಪ್ಪು ಮೈ, ಎದೆಯ ಮೇಲೆ ಬಿಳಿ ಪಟ್ಟಿ, ಸಣ್ಣ ನಾಯಿಯಷ್ಟು ಗಾತ್ರ. ನನ್ನ ಟೀಶರ್ಟಿನವನಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಹೆಸರು ಅದೇ. ಅಷ್ಟು ವರ್ಷ ನಕ್ಕಿದ್ದು ಬದುಕಿರುವ ಯಾವುದೋ ಜೀವವನ್ನು ನೋಡಿ ಅನ್ನಿಸಿ ಒಂಥರಾ ಆಯಿತು.

ಅವತ್ತಿನಿಂದ ಹಿಡಿದ ಹುಚ್ಚು ಇದು. ಹೊಟ್ಟೆಯಲ್ಲಿ ಚೀಲವಿರುವ ಈ ಪ್ರಾಣಿಗಳು ಕತೆ, ಕಾರ್ಟೂನುಗಳೊಳಗೆ ಬಂದದ್ದು ಹೇಗೆ? ಕತೆಯೊಳಗೆ ಬಂದದ್ದರಿಂದ ಅವುಗಳಿಗೆ ಆದದ್ದೇನು? ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಅದರ ಸಾರ ಇಲ್ಲಿದೆ. ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಿ :-)

ಮೊದಲು ಹೆಸರಿನ ಕತೆಯಿಂದಲೇ ಶುರು ಮಾಡೋಣ. ಕ್ಯಾಪ್ಟನ್ ಕುಕ್ "ಅದೇನು ಪ್ರಾಣಿ?" ಅಂತ ಕೇಳಿದನಂತೆ, ಅಲ್ಲಿಯವರು "ಕಾಂಗರೂ" ಅಂದರಂತೆ, ಹಾಗೆಂದರೆ ಅವರ ಭಾಷೆಯಲ್ಲಿ "ನನಗೆ ಗೊತ್ತಿಲ್ಲ" ಅಂತ ಅರ್ಥವಂತೆ. ನಮ್ಮ ಮೇಷ್ಟ್ರು ಇದನ್ನು ಹೇಳಿ ಕ್ಲಾಸನ್ನೆಲ್ಲ ನಗಿಸಿದ್ದರು. ನಿಮ್ಮ ಮೇಷ್ಟ್ರೂ ಹೇಳಿರುತ್ತಾರೆ. ಆದರೆ ಇದು ಶುದ್ಧ ಕಟ್ಟುಕತೆ! 1770ರಲ್ಲಿ ಕುಕ್‌ನ ಹಡಗು ಬಂಡೆಗೆ ಬಡಿದು, ಈಗಿನ ಕುಕ್‌ಟೌನ್ ಬಳಿ ರಿಪೇರಿಗೆ ನಿಂತಿತ್ತು. ಅಲ್ಲಿನ ಗೂಗು ಯಿಮಿಥಿರ್ ಜನರ ಭಾಷೆಯಲ್ಲಿ 'ಗಂಗುರ್ರು' ಅನ್ನುವುದು ಒಂದು ಜಾತಿಯ ದೊಡ್ಡ ಕಾಂಗರೂವಿನ ಹೆಸರು. ಜಾನ್ ಹ್ಯಾವಿಲೆಂಡ್ ಎಂಬ ಭಾಷಾವಿದ್ವಾಂಸರು 1970ರ ದಶಕದಲ್ಲಿ ಆ ಜನರ ಭಾಷೆಯನ್ನೇ ಕಲಿತು ಇದನ್ನು ಖಚಿತಪಡಿಸಿದರು. ಕೇಳಿದವನಿಗೆ ಸರಿಯಾದ ಉತ್ತರವೇ ಸಿಕ್ಕಿತ್ತು. ಉತ್ತರ ಕೊಟ್ಟವರನ್ನೇ ನಾವು ಇನ್ನೂರು ವರ್ಷ ಪೆದ್ದರನ್ನಾಗಿ ಮಾಡಿ ನಕ್ಕೆವು.

ಆ ನೆಲದ ಮೂಲನಿವಾಸಿಗಳಿಗೆ ಕಾಂಗರೂ ಹೊಸದೇನಲ್ಲ. ಕಿಂಬರ್ಲಿ ಪ್ರದೇಶದ ಒಂದು ಬಂಡೆಯ ಆಸರೆಯಲ್ಲಿ ಎರಡು ಮೀಟರ್ ಉದ್ದದ ಕಾಂಗರೂ ಚಿತ್ರವಿದೆ. ಅದಕ್ಕೆ ಸುಮಾರು 17,300 ವರ್ಷ ವಯಸ್ಸು ಅಂತ 2021ರಲ್ಲಿ ಲೆಕ್ಕ ಹಾಕಿದರು. ಹೊರಗಿನಿಂದ ಬಂದು ನೆಲೆಸಿದವರಿಗೆ ಮಾತ್ರ ಅದು ವಿಚಿತ್ರ ಜಂತು. ಜೊತೆಗೆ ತಮ್ಮ ಕುರಿಗಳ ಹುಲ್ಲು ತಿನ್ನುವ ಪೀಡೆ.

ಅಂಥ ಕಾಲದಲ್ಲಿ ಬಂದ ಪುಸ್ತಕ ಎಥೆಲ್ ಪೆಡ್ಲಿ ಬರೆದ 'ಡಾಟ್ ಅಂಡ್ ದ ಕಾಂಗರೂ'. 1899ರಲ್ಲಿ ಪ್ರಕಟವಾಯಿತು. ಪಾಪ, ಅದಕ್ಕೆ ಒಂದು ವರ್ಷ ಮೊದಲೇ ಆಕೆ ತೀರಿಹೋಗಿದ್ದರು. ಡಾಟ್ ಎಂಬ ಪುಟ್ಟ ಹುಡುಗಿ ಕಾಡಿನಲ್ಲಿ ದಾರಿ ತಪ್ಪುತ್ತಾಳೆ. ಮರಿಯನ್ನು ಕಳೆದುಕೊಂಡ ಒಂದು ಕಾಂಗರೂ ಅವಳಿಗೆ ಒಂದು ಹಣ್ಣು ತಿನ್ನಿಸುತ್ತದೆ. ತಿಂದ ಕೂಡಲೇ ಪ್ರಾಣಿಗಳ ಮಾತು ಅವಳಿಗೆ ಅರ್ಥವಾಗತೊಡಗುತ್ತದೆ. ಮಾತು ಅರ್ಥವಾದ ಮೇಲೆ ಕೇಳಿಸುವುದೇನು? ಮನುಷ್ಯರ ಮೇಲಿನ ದೂರುಗಳು! ಕಾಡಿನ ಪ್ರಾಣಿಗಳೆಲ್ಲ ಕೋರ್ಟು ಸೇರಿಸಿ, ಮನುಷ್ಯಕುಲದ ಪರವಾಗಿ ಆ ಪುಟ್ಟ ಹುಡುಗಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಈ ಪ್ರಾಣಿಗಳು ನಿರ್ನಾಮವಾಗುತ್ತಿವೆ, ಮಕ್ಕಳೇ ನೀವಾದರೂ ಕನಿಕರ ತೋರಿಸಿ ಅನ್ನುವ ಅರ್ಥದಲ್ಲಿ ಪೆಡ್ಲಿ ಪುಸ್ತಕವನ್ನು ಆಸ್ಟ್ರೇಲಿಯಾದ ಮಕ್ಕಳಿಗೇ ಅರ್ಪಿಸಿದ್ದಾರೆ. ನೂರಿಪ್ಪತ್ತು ವರ್ಷಗಳ ಹಿಂದೆ ಮಕ್ಕಳ ಪುಸ್ತಕವೊಂದರಲ್ಲಿ ಈ ಮಾತು!

ಅತ್ತ ಇಂಗ್ಲೆಂಡಿನಲ್ಲಿ ಕಾಂಗರೂಗೆ ಬೇರೆಯದೇ ಪಾತ್ರ ಸಿಕ್ಕಿತು. ನಮ್ಮ ಮುಂಬಯಿಯಲ್ಲಿ ಹುಟ್ಟಿದ, 'ಜಂಗಲ್ ಬುಕ್'ನ ಕಿಪ್ಲಿಂಗ್ 1902ರ 'ಜಸ್ಟ್ ಸೋ ಸ್ಟೋರೀಸ್'ನಲ್ಲಿ ಒಂದು ಜಂಬದ ಕಾಂಗರೂವನ್ನು ತಂದರು. ಎಲ್ಲರಿಗಿಂತ ಬೇರೆ ಥರ ಕಾಣಬೇಕು ಅಂತ ಅದು ದೇವರುಗಳನ್ನು ಕಾಡುತ್ತದೆ. ದೇವರು ಹಸಿದ ನಾಯಿಯನ್ನು ಬೆನ್ನಿಗೆ ಬಿಡುತ್ತಾನೆ. ಓಡಿ ಓಡಿ ಹಿಂಗಾಲು ಉದ್ದವಾಗುತ್ತದೆ. 1926ರಲ್ಲಿ ಬಂತು ಮಿಲ್ನ್ ಅವರ 'ವಿನ್ನಿ ದ ಪೂ'. ಅದರಲ್ಲಿ ಕಾಂಗಾ ಅನ್ನುವ ತಾಯಿ, ರೂ ಅನ್ನುವ ಮರಿ. ಇವರಿಬ್ಬರೂ ಕಾಡಿಗೆ ಹೊಸದಾಗಿ ಬಂದಾಗ ಉಳಿದವರಿಗೆ ಇರುಸುಮುರುಸು. ಮಗುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಇದೆಂಥ ಪ್ರಾಣಿ ಅಂತ ಮೊಲಕ್ಕೆ ಚಿಂತೆ. ಮರಿಯನ್ನು ಅಪಹರಿಸಿ, ಕಾಡು ಬಿಟ್ಟು ಹೋಗುತ್ತೇವೆ ಅಂತ ಮಾತು ಕೊಟ್ಟರೆ ಮಾತ್ರ ವಾಪಸ್ ಕೊಡುವುದು ಅಂತ ಎಲ್ಲರೂ ಸೇರಿ ಯೋಜನೆ ಹಾಕುತ್ತಾರೆ! ಕೊನೆಗೆ ಎಲ್ಲ ತಮಾಷೆಯಲ್ಲೇ ಮುಗಿದು ಸ್ನೇಹಿತರಾಗುತ್ತಾರೆ ಅನ್ನಿ. ಆದರೆ ಪರವೂರಿಗೆ ಹೋಗಿ ಬಾಡಿಗೆ ಮನೆ ಹುಡುಕಿದ ಯಾರೇ ಈ ಅಧ್ಯಾಯ ಓದಿದರೂ ಸುಮ್ಮನೆ ನಕ್ಕು ಪುಟ ತಿರುಗಿಸಲಾರರು.

ಅಂದ ಹಾಗೆ ಮಿಲ್ನ್ ಅವರ ಮಗನ ಆ ಆಟಿಕೆಗಳಲ್ಲಿ ಪೂ, ಪಿಗ್ಲೆಟ್, ಈಯೋರ್, ಟಿಗ್ಗರ್, ಕಾಂಗಾ ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಪುಟ್ಟ ರೂ ಮಾತ್ರ 1930ರ ದಶಕದಲ್ಲಿ ಒಂದು ಸೇಬಿನ ತೋಟದಲ್ಲಿ ಕಳೆದುಹೋಯಿತಂತೆ.

ಇನ್ನು ಕೊವಾಲಾ. (ಇದು ಕರಡಿಯಲ್ಲ, ಹೊಟ್ಟೆಚೀಲದ ಬಳಗವೇ.) ನಾರ್ಮನ್ ಲಿಂಡ್ಸೆ 1918ರಲ್ಲಿ ಬರೆದ 'ದ ಮ್ಯಾಜಿಕ್ ಪುಡ್ಡಿಂಗ್'ನ ನಾಯಕ ಒಬ್ಬ ಕೊವಾಲಾ. ತಿಂದಷ್ಟೂ ಮುಗಿಯದ ಒಂದು ಪುಡ್ಡಿಂಗು ಅವನ ಗೆಳೆಯರ ಬಳಿ ಇರುತ್ತದೆ, ಒಂಥರಾ ಅಕ್ಷಯಪಾತ್ರೆ. ಅದನ್ನು ಕದಿಯಲು ಇಬ್ಬರು ಕಳ್ಳರು ಹೊಂಚು ಹಾಕುತ್ತಾರೆ. ಕಳ್ಳರು ಯಾರು ಗೊತ್ತೇ? ಒಂದು ಪಾಸಮ್, ಒಂದು ವೊಂಬ್ಯಾಟ್! ಅವೂ ಚೀಲದ ಪ್ರಾಣಿಗಳೇ. ಈ 'ಕಳ್ಳ' ಅನ್ನುವ ಪಾತ್ರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪುಸ್ತಕದಲ್ಲಿ ಕೊವಾಲಾ ಕೋಲು ಹಿಡಿದ ಜಂಟಲ್‌ಮನ್. ಕಾಡಿನಲ್ಲಿ? 1927ರ ಆಗಸ್ಟಿನಲ್ಲಿ ಕ್ವೀನ್ಸ್‌ಲೆಂಡ್ ಸರಕಾರ ಒಂದು ತಿಂಗಳು ಬೇಟೆಗೆ ಅನುಮತಿ ಕೊಟ್ಟಿತು. ಆ ಒಂದೇ ತಿಂಗಳಲ್ಲಿ ತುಪ್ಪಳಕ್ಕಾಗಿ ಕೊಂದದ್ದು ಸುಮಾರು 6 ಲಕ್ಷ ಕೊವಾಲಾಗಳನ್ನು. ಜನ ಸಿಡಿದೆದ್ದರು. ಆ ತಿಂಗಳಿಗೆ 'ಕರಾಳ ಆಗಸ್ಟ್' ಅಂತಲೇ ಹೆಸರು ಬಿತ್ತು. ಆರು ವರ್ಷಗಳ ನಂತರ, 1933ರಲ್ಲಿ, ಡೊರೊತಿ ವಾಲ್ ಅವರ 'ಬ್ಲಿಂಕಿ ಬಿಲ್' ಬಂತು. ಬ್ಲಿಂಕಿ ತುಂಟ ಕೊವಾಲಾ ಮರಿ. ಆದರೆ ಕತೆಯ ಶುರುವಿನಲ್ಲೇ ಅದರ ಅಪ್ಪನನ್ನು ಬೇಟೆಗಾರ ಗುಂಡಿಟ್ಟು ಕೊಲ್ಲುತ್ತಾನೆ. ಮಕ್ಕಳ ಪುಸ್ತಕದಲ್ಲಿ ಇದೆಲ್ಲ ಯಾಕೆ ಅನ್ನಿಸಬಹುದು. ಆದರೆ ಓದುತ್ತಿದ್ದ ಮಕ್ಕಳ ಮನೆಯಲ್ಲೇ ಕೊವಾಲಾ ತುಪ್ಪಳ ಇದ್ದಿರಬಹುದಾದ ಕಾಲ ಅದು. 1930ರ ದಶಕ ಮುಗಿಯುವ ಹೊತ್ತಿಗೆ ಕೊವಾಲಾ ಬೇಟೆಗೆ ಎಲ್ಲೆಡೆ ನಿಷೇಧ ಬಂತು. ಅದು ಬ್ಲಿಂಕಿಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಜನರ ಸಿಟ್ಟು ಪುಸ್ತಕಕ್ಕಿಂತ ಮೊದಲೇ ಶುರುವಾಗಿತ್ತು. ಆ ಸಿಟ್ಟಿಗೆ ಒಂದು ಮುಖ ಕೊಟ್ಟದ್ದು, ಮುಂದಿನ ತಲೆಮಾರು ಅದನ್ನು ಮರೆಯದಂತೆ ಮಾಡಿದ್ದು ಬ್ಲಿಂಕಿ.

ಈಗ ಕಳ್ಳನ ವಿಷಯಕ್ಕೆ ಬರುತ್ತೇನೆ.

ಟಾಸ್ಮೇನಿಯಾ ದ್ವೀಪದಲ್ಲಿ ಇನ್ನೊಂದು ಪ್ರಾಣಿ ಇತ್ತು. ಥೈಲಸೀನ್. ನೋಡಲು ನಾಯಿಯಂತೆ, ಬೆನ್ನ ಮೇಲೆ ಪಟ್ಟೆ, ಹೊಟ್ಟೆಯಲ್ಲಿ ಚೀಲ. ಪಟ್ಟೆ ಇದ್ದದ್ದರಿಂದ ಬಿಳಿಯರು ಅದನ್ನು ಟಾಸ್ಮೇನಿಯಾ ಹುಲಿ ಅಂದರು. ಇದಕ್ಕೆ ಡಾಟ್ ಸಿಗಲಿಲ್ಲ, ಮಿಲ್ನ್ ಸಿಗಲಿಲ್ಲ. ಇದಕ್ಕೆ ಸಿಕ್ಕಿದ್ದು ಒಂದೇ ಪಾತ್ರ: ಕುರಿಕಳ್ಳ. 1888ರಿಂದ 1909ರವರೆಗೆ ಸರಕಾರವೇ ಒಂದೊಂದು ದೊಡ್ಡ ಥೈಲಸೀನ್ ತಲೆಗೆ ಒಂದು ಪೌಂಡ್ ಬಹುಮಾನ ಕೊಟ್ಟಿತು. ಹಾಗೆ ಬಹುಮಾನ ಪಾವತಿಯಾದದ್ದು 2,184 ಪ್ರಾಣಿಗಳಿಗೆ. 1921ರಲ್ಲಿ ಪತ್ರಿಕೆಯೊಂದರಲ್ಲಿ ಥೈಲಸೀನ್ ಬಾಯಲ್ಲಿ ಕೋಳಿ ಕಚ್ಚಿಕೊಂಡಿರುವ ಫೋಟೋ ಬಂತು. ಎಷ್ಟೋ ಕಡೆ ಮರುಮುದ್ರಣವಾಯಿತು. ಮೂಲ ಫೋಟೋದಲ್ಲಿ ಬೇಲಿ ಇತ್ತು, ಅಚ್ಚು ಹಾಕುವಾಗ ಕತ್ತರಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಇನ್ನು ಕುರಿಯ ಮಾತು. ಬೆಳೆದ ಕುರಿಯನ್ನು ಹಿಡಿದು ಕೆಡವುವಷ್ಟು ಬಲ ಅದರ ದವಡೆಗೆ ಇರಲಿಲ್ಲ ಅಂತ 2011ರ ಒಂದು ಅಧ್ಯಯನ ಹೇಳಿತು. ಆದರೆ ಅಷ್ಟು ಹೊತ್ತಿಗೆ ಆರೋಪಿಯೇ ಇರಲಿಲ್ಲವಲ್ಲ...

ಇನ್ನೂ ಒಂದು ವಿಚಿತ್ರ ಕೇಳಿ. 1917ರಲ್ಲಿ ಟಾಸ್ಮೇನಿಯಾ ತನ್ನ ಲಾಂಛನಕ್ಕೆ ಎರಡು ಪಕ್ಕದಲ್ಲೂ ನಿಲ್ಲಿಸಿಕೊಂಡದ್ದು ಇದೇ ಥೈಲಸೀನ್‌ಗಳನ್ನು! ಲಾಂಛನದಲ್ಲಿ ಗೌರವ, ಕಾಡಿನಲ್ಲಿ ಗುಂಡು. ಕಾನೂನಿನ ಪೂರ್ಣ ರಕ್ಷಣೆ ಸಿಕ್ಕಿದ್ದು 1936ರ ಜುಲೈ 10ಕ್ಕೆ. ಹೋಬಾರ್ಟ್ ಮೃಗಾಲಯದಲ್ಲಿದ್ದ ಕಡೆಯ ಥೈಲಸೀನ್ ಸತ್ತದ್ದು ಅದೇ ವರ್ಷ ಸೆಪ್ಟೆಂಬರ್ 7ಕ್ಕೆ. ನಡುವೆ ಇದ್ದದ್ದು 59 ದಿನ.

ಸತ್ತ ಮೇಲೆ ಅದಕ್ಕೂ ಒಂದು ಕತೆ ಸಿಕ್ಕಿತು. ಮೃಗಾಲಯದಲ್ಲಿ ಅದನ್ನು 'ಬೆಂಜಮಿನ್' ಅಂತ ಕರೆಯುತ್ತಿದ್ದೆವು ಅಂತ 1960ರ ದಶಕದಲ್ಲಿ ಒಬ್ಬಾತ ಹೇಳಿದ. ಎಲ್ಲರೂ ನಂಬಿದರು. ಆತ ಅಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆಯೇ ಇಲ್ಲ ಅಂತ ಆಮೇಲೆ ಬಯಲಾಯಿತು. 2022ರಲ್ಲಿ ಟಾಸ್ಮೇನಿಯಾದ ಮ್ಯೂಸಿಯಮ್ಮಿನಲ್ಲೇ ಆ ಕಡೆಯ ಥೈಲಸೀನ್‌ನ ಚರ್ಮ, ಮೂಳೆ ಪತ್ತೆಯಾದವು. ಅದು ವಯಸ್ಸಾದ ಹೆಣ್ಣು! ಬೆಂಜಮಿನ್ ಅಂತ ನಾವು ಮರುಗಿದ್ದು ಇಲ್ಲದ ಒಂದು ಪಾತ್ರಕ್ಕೆ.

ಇಷ್ಟಾದ ಮೇಲೆ ನನ್ನ ಟೀಶರ್ಟಿನವನ ಸರದಿ.

ಥೈಲಸೀನ್ ಹೋದ ಮೇಲೆ ಮಾಂಸ ತಿನ್ನುವ ಚೀಲದ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಉಳಿದದ್ದು ಟಾಸ್ಮೇನಿಯನ್ ಡೆವಿಲ್. ರಾತ್ರಿ ಹೊತ್ತು ಅದು ಕಿರುಚುವುದು ಕೇಳಿ ಹೆದರಿದ ಬಿಳಿಯರು ಇಟ್ಟ ಹೆಸರು 'ದೆವ್ವ'. ಆ ಹೆಸರೊಂದನ್ನೇ ಹಿಡಿದುಕೊಂಡು ವಾರ್ನರ್ ಬ್ರದರ್ಸ್‌ನ ರಾಬರ್ಟ್ ಮೆಕಿಂಪ್ಸನ್ 1954ರಲ್ಲಿ 'ಡೆವಿಲ್ ಮೇ ಹೇರ್' ಕಾರ್ಟೂನಿನಲ್ಲಿ ಟ್ಯಾಜ್‌ನನ್ನು ಹುಟ್ಟಿಸಿದರು. 1964ರವರೆಗೆ ಬಂದದ್ದು ಒಟ್ಟು ಐದೇ ಚಿಕ್ಕ ಚಿತ್ರಗಳು. 1991ರಲ್ಲಿ 'ಟ್ಯಾಜ್-ಮೇನಿಯಾ' ಅಂತ ಅವನದೇ ಧಾರಾವಾಹಿ ಶುರುವಾಯಿತು. ಆಮೇಲೆ ಟೀಶರ್ಟು, ಕೀಚೈನು, ಸ್ಟಿಕ್ಕರು, ನಮ್ಮ ಮೆಜೆಸ್ಟಿಕ್ಕಿನ ಫುಟ್‌ಪಾತು.

ಅದೇ ಹೊತ್ತಿಗೆ, 1996ರಲ್ಲಿ, ಟಾಸ್ಮೇನಿಯಾದ ಈಶಾನ್ಯ ಭಾಗದಲ್ಲಿ ಮುಖದ ತುಂಬ ಗಡ್ಡೆಯಿದ್ದ ಡೆವಿಲ್‌ಗಳ ಫೋಟೋ ಸಿಕ್ಕಿತು. ಅದು ಅಂಟುವ ಕ್ಯಾನ್ಸರ್. ಒಂದು ಇನ್ನೊಂದನ್ನು ಕಚ್ಚಿದಾಗ ಕ್ಯಾನ್ಸರಿನ ಜೀವಕೋಶಗಳೇ ದಾಟಿಕೊಳ್ಳುತ್ತವೆ. ಗಡ್ಡೆ ಬಾಯಿ ಮುಚ್ಚಿ, ತಿನ್ನಲಾಗದೆ ತಿಂಗಳುಗಳಲ್ಲಿ ಸಾವು. ನೋಡಿ, ಕಾರ್ಟೂನಿನಲ್ಲಿ ನಾವು ಯಾವುದಕ್ಕೆ ಬಿದ್ದು ಬಿದ್ದು ನಗುತ್ತಿದ್ದೆವೋ ಆ ಕಚ್ಚುವ ಗುಣವೇ ನಿಜವಾದ ಡೆವಿಲ್‌ಗೆ ಮುಳುವಾಯಿತು. ಮುಂದಿನ ವರ್ಷಗಳಲ್ಲಿ ಕಾಡಿನ ಡೆವಿಲ್‌ಗಳ ಸಂಖ್ಯೆ ಶೇಕಡಾ 80ರಷ್ಟು ಕುಸಿಯಿತು. 2008ರಲ್ಲಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು.

ಆದರೆ ಈ ಸಲ ಕತೆ ಮೊದಲೇ ಬಂದಿತ್ತು. ಜಗತ್ತಿಗೆ ಹೆಸರು ಗೊತ್ತಿತ್ತು. 2006ರಲ್ಲಿ ವಾರ್ನರ್ ಬ್ರದರ್ಸ್ ಟ್ಯಾಜ್ ಗೊಂಬೆಗಳನ್ನು ಮಾರಲು ಟಾಸ್ಮೇನಿಯಾ ಸರಕಾರಕ್ಕೆ ಅನುಮತಿ ಕೊಟ್ಟಿತು. ಲಾಭವೆಲ್ಲ ಆ ರೋಗದ ಸಂಶೋಧನೆಗೆ. 2012ರಲ್ಲಿ ರೋಗವಿಲ್ಲದ ಡೆವಿಲ್‌ಗಳನ್ನು ಮರಾಯಾ ದ್ವೀಪಕ್ಕೆ ಬಿಟ್ಟರು, ಅಲ್ಲಿ ಅವು ಸಂಸಾರ ಹೂಡಿದವು. 2020ರಲ್ಲಿ ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿ, ಸುಮಾರು 3,000 ವರ್ಷಗಳ ನಂತರ, ಬೇಲಿ ಹಾಕಿದ ಕಾಡೊಂದಕ್ಕೆ ಡೆವಿಲ್‌ಗಳನ್ನು ಮತ್ತೆ ತಂದು ಬಿಟ್ಟರು.

ಹಾಗಾದರೆ ಕತೆಯಿದ್ದರೆ ಪ್ರಾಣಿ ಉಳಿಯುತ್ತದೆ ಅಂತಲೇ? ಅಷ್ಟು ಸುಲಭವಿಲ್ಲ. ಬ್ಲಿಂಕಿ ಬಿಲ್‌ನನ್ನು ಮೂರು ತಲೆಮಾರು ಮುದ್ದಿಸಿದ ದೇಶದಲ್ಲೇ, 2022ರಲ್ಲಿ, ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಕೊವಾಲಾಗಳನ್ನು ಅಳಿವಿನಂಚಿನವು ಅಂತ ಘೋಷಿಸಬೇಕಾಯಿತು. ಈಗ ಕೊಲ್ಲುತ್ತಿರುವುದು ಬಂದೂಕಲ್ಲ. ಕಡಿದ ಮರ, ಬೆಂಕಿ, ಬರ, ರೋಗ. ಗೊಂಬೆಯನ್ನು ಮುದ್ದಿಸಿದಷ್ಟು ಸುಲಭವಾಗಿ ನೀಲಗಿರಿ ಕಾಡನ್ನು ಯಾರೂ ಮುದ್ದಿಸುವುದಿಲ್ಲವಲ್ಲ.

ನನಗನ್ನಿಸುವುದಿಷ್ಟು. ಒಂದು ಪ್ರಾಣಿಗೆ ನಾವು ಯಾವ ಪಾತ್ರ ಕೊಡುತ್ತೇವೆ ಅನ್ನುವುದು ಬರೀ ಪುಸ್ತಕದ ವಿಷಯವಲ್ಲ. ತಾಯಿ ಅಂದರೆ ಕೈ ಸ್ವಲ್ಪ ತಡೆಯುತ್ತದೆ. ಕೋಡಂಗಿ ಅಂದರೆ ಕೊನೆಗೆ ಗೊಂಬೆ ಮಾರಿಯಾದರೂ ದುಡ್ಡು ಕೂಡಿಸುತ್ತೇವೆ. ಕಳ್ಳ ಅಂದುಬಿಟ್ಟರೆ ಬಹುಮಾನ ಕೊಟ್ಟು ಕೊಲ್ಲಿಸುತ್ತೇವೆ, ಆಮೇಲೆ ಲಾಂಛನ ನೋಡಿ ನಿಟ್ಟುಸಿರು ಬಿಡುತ್ತೇವೆ.

ಮಗಳಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ನಿಜವಾದ ಡೆವಿಲ್‌ನ ಫೋಟೋ ತೋರಿಸಿದೆ, ಪಕ್ಕದಲ್ಲಿ ಥೈಲಸೀನ್‌ನ ಕಪ್ಪುಬಿಳುಪು ವಿಡಿಯೋ ಹಾಕಿದೆ. ಬೋನಿನೊಳಗೆ ಅದು ಅತ್ತಿಂದಿತ್ತ ಓಡಾಡುತ್ತದೆ, ಬಾಯಿ ಅಗಲವಾಗಿ ತೆರೆಯುತ್ತದೆ. ಎರಡು ಸಲ ನೋಡಿದಳು. "ಇದು ಏನು ತಪ್ಪು ಮಾಡಿತ್ತು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ನಿಮ್ಮ ಮಕ್ಕಳು ಕೇಳಿದರೆ ನೀವೇನು ಹೇಳುತ್ತೀರಿ? ತಿಳಿಸಿ.

ಟೀಶರ್ಟ್ ಮಾತ್ರ ಎಸೆಯಲಿಲ್ಲ. ಒಗೆದು ಮಡಿಸಿ ಇಟ್ಟಿದ್ದೇನೆ.