ದೀಪಾವಳಿಯ ಮಧ್ಯಾಹ್ನ ಮೈಕಿನ ಮುಂದೆ

2023ರಲ್ಲಿ ದೀಪಾವಳಿ ನವೆಂಬರ್ 12ರ ಭಾನುವಾರ ಬಂದಿತ್ತು. ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ, ಮಯೂರ್ ವಿಹಾರದ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಫೋನಿನಲ್ಲಿ ಒಂದು ಹಳೆಯ ಧ್ವನಿಮುದ್ರಣ ಹಾಕಿಕೊಂಡೆ. ಗಾಂಧೀಜಿಯ ದನಿ, ಬಳಲಿದ ಮೆಲುದನಿ. ಅವರು ಅದನ್ನು ಮಾತಾಡಿದ್ದು 1947ರ ನವೆಂಬರ್ 12ರಂದು. ಆ ವರ್ಷವೂ ದೀಪಾವಳಿ ಅದೇ ತಾರೀಖಿಗೆ ಬಿದ್ದಿತ್ತು.

ದೆಹಲಿಗೆ ಬಂದು ಇಷ್ಟು ವರ್ಷವಾದರೂ ಆ ಕಥೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಕುರುಕ್ಷೇತ್ರದಲ್ಲಿ ಪಶ್ಚಿಮ ಪಂಜಾಬಿನಿಂದ ಬಂದ ನಿರಾಶ್ರಿತರಿಗಾಗಿ ಡೇರೆಗಳ ಒಂದು ಊರೇ ಎದ್ದಿತ್ತು. ಒಂದು ಲಕ್ಷ ಜನ ಬರಬಹುದೆಂದು ಕಟ್ಟಿದ ಶಿಬಿರಕ್ಕೆ ಅದರ ಎರಡು ಮೂರು ಪಟ್ಟು ಜನ ಬಂದರು. ಹಬ್ಬದ ದಿನ ಅಲ್ಲಿಗೆ ಹೋಗಬೇಕೆಂದು ಗಾಂಧೀಜಿಗೆ ಆಸೆಯಿತ್ತು. ದೆಹಲಿಯ ಕಾಂಗ್ರೆಸ್ ಸಭೆಗಳ ನಡುವೆ ಆಗಲಿಲ್ಲ. ಹೋಗಲಾಗದಿದ್ದರೆ ರೇಡಿಯೊದಲ್ಲಾದರೂ ಮಾತಾಡಿ ಎಂಬ ಸಲಹೆ ಬಂತು. ರೇಡಿಯೊ ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಆದರೂ ಒಪ್ಪಿಕೊಂಡರು.

ಮಧ್ಯಾಹ್ನ ಮೂರರ ಹೊತ್ತಿಗೆ ರಾಜಕುಮಾರಿ ಅಮೃತ್ ಕೌರ್ ಜೊತೆಗೆ ಪಾರ್ಲಿಮೆಂಟ್ ಸ್ಟ್ರೀಟಿನ ಬ್ರಾಡ್‌ಕಾಸ್ಟಿಂಗ್ ಹೌಸಿಗೆ ಬಂದರು. ಸ್ಟುಡಿಯೋದವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಬಿರ್ಲಾ ಹೌಸಿನ ಪ್ರಾರ್ಥನಾ ಸಭೆಯಲ್ಲಿ ಅವರು ಕೂರುತ್ತಿದ್ದ ತಗ್ಗು ಮರದ ಮಂಚವನ್ನೇ ತಂದು ಹಾಕಿಸಿದ್ದರು. ಪ್ರಾರ್ಥನಾ ಸಭೆಯಂತೆಯೇ ಕಾಲು ಮಡಚಿ ಕೂತು ಸುಮಾರು 20 ನಿಮಿಷ ಮಾತಾಡಿದರು. ನೇರ ಪ್ರಸಾರ, ಹಿಂದೂಸ್ತಾನಿ ಭಾಷೆ. ಈ ಯಂತ್ರದಲ್ಲಿ ತನಗೆ ದೇವರ ಶಕ್ತಿ ಕಾಣುತ್ತದೆ ಎಂಬರ್ಥದ ಮಾತನ್ನೂ ಆಡಿದರಂತೆ.

ಅದು ಅವರ ಮೊದಲ ರೇಡಿಯೊ ಭಾಷಣ ಎಂದು ಅನೇಕರು ಬರೆಯುತ್ತಾರೆ, ಅದು ತಪ್ಪು. 1931ರ ಸೆಪ್ಟೆಂಬರಿನಲ್ಲೇ ಲಂಡನ್ನಿನ ಕಿಂಗ್ಸ್‌ಲಿ ಹಾಲ್‌ನಿಂದ ಅಮೆರಿಕದ ಕೇಳುಗರಿಗೆ ಮಾತಾಡಿದ್ದರು. ನಮ್ಮ ಬಾನುಲಿಯ ಸ್ಟುಡಿಯೋಗೆ ಅವರು ಬಂದದ್ದು ಇದೊಂದೇ ಸಲ ಎಂದರೆ ಸರಿ. ಅದಾಗಿ 79 ದಿನಕ್ಕೆ, ಜನವರಿ 30ರಂದು, ಅವರಿಲ್ಲ. ಈಗ ನವೆಂಬರ್ 12ನ್ನು ಸಾರ್ವಜನಿಕ ಸೇವಾ ಪ್ರಸಾರ ದಿನವೆಂದು ಆಚರಿಸುತ್ತಾರೆ.

(ಆ ಕಟ್ಟಡದ ಮುಂದೆ ಪಟೇಲ್ ಚೌಕ್ ಮೆಟ್ರೋದಿಂದ ನಡೆದು ಹೋಗುವಾಗಲೆಲ್ಲ ‘ಆಕಾಶವಾಣಿ’ ಎಂಬ ಬೋರ್ಡು ನೋಡಿ ನನಗೆ ಸಣ್ಣ ಹೆಮ್ಮೆ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. ಆ ನಿಲಯದ ಹೆಸರು ಅದು. ದೆಹಲಿಯವರು ಅದನ್ನು ತಮ್ಮದಾಗಿಸಿಕೊಂಡದ್ದು ಐವತ್ತರ ದಶಕದಲ್ಲಿ.)

ಆ ಭಾಷಣದ ಹಿಂದೆ ಕಂಬಳಿಗಳ ಕಥೆಯಿದೆ. ಅಕ್ಟೋಬರ್ ಶುರುವಾಗುತ್ತಿದ್ದಂತೆ ಗಾಂಧೀಜಿ ಸಂಜೆಯ ಪ್ರಾರ್ಥನಾ ಸಭೆಗಳಲ್ಲಿ ನಿರಾಶ್ರಿತರಿಗೆ ಕಂಬಳಿ, ರಜಾಯಿ ಕೊಡಿ ಎಂದು ಬೇಡತೊಡಗಿದ್ದರು. ಉತ್ತರದ ಚಳಿ ಡೇರೆಯ ಬಟ್ಟೆಗೆ ಹೆದರುವುದಿಲ್ಲ. ರಜಾಯಿ ಮಂಜಿಗೆ ನೆನೆಯದಂತೆ ಮೇಲೆ ಹಳೆಯ ಪೇಪರ್ ಹೊದಿಸಿ ಎಂದೂ ಹೇಳಿಕೊಟ್ಟರು. ಆ ಸಭೆಗಳ ಭಾಷಣವನ್ನು ರೇಡಿಯೊದವರು ಮುದ್ರಿಸಿಕೊಂಡು ಸಂಜೆ ಬಿತ್ತರಿಸುತ್ತಿದ್ದರು. ಜನ ಕಂಬಳಿ ತಂದರು, ದುಡ್ಡು ಕೊಟ್ಟರು.

ರೇಡಿಯೊದಲ್ಲಿ ದಾನ ಕೇಳುವುದೆಂದರೆ ಸಾಮಾನ್ಯವಾಗಿ ಹೀಗೇ. ಇರುವವರ ಕಿವಿಗೆ ಇಲ್ಲದವರ ಕಷ್ಟ ಮುಟ್ಟಿಸಬೇಕು. ಕೊಡುವವನು ಕೇಳುಗ, ಪಡೆಯುವವನು ಬರೀ ವಿಷಯ. ನವೆಂಬರ್ 12ರಂದು ಗಾಂಧೀಜಿ ಮೈಕನ್ನು ಆ ಕಡೆಗೆ ತಿರುಗಿಸಿದರು. ಅಂದು ಅವರು ಮಾತಾಡಿದ್ದು ಕಂಬಳಿ ಹೊದ್ದವರ ಜೊತೆ. ಶಿಬಿರ ಚೊಕ್ಕಟವಾಗಿರಲಿ, ಸಿಕ್ಕಿದ್ದನ್ನು ಹಂಚಿಕೊಳ್ಳಿ, ಸುಮ್ಮನೆ ಕೂರದೆ ಕೈಲಾದ ಕೆಲಸ ಮಾಡಿ ಎಂದರು. ಮನೆ, ಹೊಲ, ಮಕ್ಕಳನ್ನು ಕಳೆದುಕೊಂಡವರಿಗೆ ಹಬ್ಬದ ದಿನ ಚೊಕ್ಕಟದ ಪಾಠವೇ ಎಂದು ಮೊದಲ ಸಲ ಕೇಳಿದಾಗ ನನಗೆ ಸಿಟ್ಟೇ ಬಂತು. ಕೇಳಿದ ಎಲ್ಲರೂ ಕೈಮುಗಿದರೆಂದು ನಾನು ನಂಬುವುದಿಲ್ಲ. ಎರಡನೇ ಸಲ ಕೇಳಿದಾಗ ಮಾತ್ರ ಬೇರೊಂದು ನೆನಪಾಯಿತು.

ಅದೇ ವರ್ಷ ಜುಲೈ 13ರಂದು ಯಮುನೆ 208.66 ಮೀಟರ್ ಮುಟ್ಟಿದ್ದಳು. ಅಲ್ಲಿಯವರೆಗೆ ದಾಖಲಾದ ಅತಿ ಹೆಚ್ಚಿನ ಮಟ್ಟ. ನಮ್ಮ ಕಾಲೋನಿಯ ಪಕ್ಕದ ಖಾದರಿನಲ್ಲಿ, ಅಂದರೆ ನದಿಯ ಬಯಲಿನಲ್ಲಿ, ತರಕಾರಿ ಬೆಳೆಯುವ ಕುಟುಂಬಗಳೆಲ್ಲ ರಾತ್ರೋರಾತ್ರಿ ರಸ್ತೆಗೆ ಬಂದು, ಫ್ಲೈಓವರ್ ಕೆಳಗೆ, ಡೇರೆಗಳಲ್ಲಿ ಉಳಿದರು. ನಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪು ಚುರುಕಾಯಿತು. ಎರಡು ದಿನದಲ್ಲಿ ಒಂದು ಟೆಂಪೋ ತುಂಬ ಬೆಡ್‌ಶೀಟು, ಸೀರೆ, ಬಿಸ್ಕತ್ತು. ಕೈಮೈಕು ನನ್ನ ಕೈಗೆ ಬಂತು. “ಸಾಲಾಗಿ ನಿಲ್ಲಿ, ಸಾಲಾಗಿ ನಿಲ್ಲಿ” ಎಂದು ನನ್ನ ಕನ್ನಡದ ಹಿಂದಿಯಲ್ಲಿ ಕೂಗಿದೆ. ಗುಂಪಿಗೆ ಹಾಕಲು ಫೋಟೋ ತೆಗೆದೆ. ನಡುವಯಸ್ಸಿನ ಹೆಂಗಸೊಬ್ಬಳು ಬೆಡ್‌ಶೀಟನ್ನು ಕಂಕುಳಲ್ಲಿಟ್ಟುಕೊಂಡು ಕೇಳಿದಳು, “ಭೈಯ್ಯಾ, ನೀರು ಯಾವಾಗ ಇಳಿಯುತ್ತೆ ಅಂತ ಆ ಮೈಕಿನಲ್ಲಿ ಹೇಳಬಾರದೇ?”

ನನ್ನ ಜೇಬಿನ ಫೋನಿನಲ್ಲಿ ಗಂಟೆಗಂಟೆಯ ನೀರಿನ ಮಟ್ಟ ಬರುತ್ತಿತ್ತು. ನಾನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ. ಮತ್ತೆ “ಸಾಲಾಗಿ ನಿಲ್ಲಿ” ಎಂದೆ.

ಗಾಂಧೀಜಿಯ ಉಪದೇಶ ಸರಿಯೋ ತಪ್ಪೋ, ಅವರು ಆ ಲಕ್ಷಾಂತರ ಜನರನ್ನು ಮಾತಿಗೆ ತಕ್ಕವರೆಂದು ಎಣಿಸಿದ್ದರು. ಬೈಯುವಷ್ಟು, ಕೆಲಸ ಹೇಳುವಷ್ಟು ಸಲಿಗೆಯಿತ್ತು. ನಾನು ಒಂದು ಟೆಂಪೋ ಬಟ್ಟೆ ಹಂಚಿದೆ, ಒಬ್ಬರ ಜೊತೆಯೂ ಮಾತಾಡಲಿಲ್ಲ.

ಧ್ವನಿಮುದ್ರಣ ಮುಗಿಯುವಷ್ಟರಲ್ಲಿ ಗುಂಪಿನಲ್ಲಿ ಹೊಸ ಸಂದೇಶ ಬಂದಿತ್ತು: ಚಳಿಗಾಲದ ಕಂಬಳಿ ಸಂಗ್ರಹ, ಈ ಸಲವೂ ಎಲ್ಲರೂ ಕೈಜೋಡಿಸಿ. ಮಧ್ಯಾಹ್ನ ಊಟವಾದ ಮೇಲೆ ಬರಿಗೈಯಲ್ಲಿ ಖಾದರಿಗೆ ಇಳಿದೆ. ಆ ಹೆಂಗಸನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಮೂಲಂಗಿ ತೊಳೆಯುತ್ತ ಕೂತಿದ್ದಳು. ಅವಳಿಗೆ ನನ್ನ ಗುರುತು ಸಿಗಲಿಲ್ಲ. ಚಳಿಗೆ ಏನು ಬೇಕು ಎಂದು ಕೇಳಿದೆ.

“ಕಂಬಳಿ ಇವೆ, ಪ್ರತಿ ವರ್ಷ ಯಾರಾದರೂ ಕೊಡುತ್ತಾರೆ. ಬೆಳೆಯೆಲ್ಲ ನೀರಿಗೆ ಹೋಯಿತಲ್ಲ, ಬೀಜಕ್ಕೆ ಸಾಲ ಮಾಡಿದ್ದೇನೆ,” ಎಂದಳು. ಯಾರ ಹತ್ತಿರ, ಬಡ್ಡಿ ಎಷ್ಟು, ಎಲ್ಲ ಹೇಳಿದಳು. ಹೊರಡುವಾಗ ಎರಡು ಕಟ್ಟು ಮೂಲಂಗಿ ಕೈಗಿತ್ತಳು. ಹಬ್ಬದ ಕಾಣಿಕೆಯೇನೋ ಅಂದುಕೊಂಡೆ. “ಇಪ್ಪತ್ತು ರೂಪಾಯಿ,” ಎಂದಳು.