ವಂಶಕಲೆಯೂ ಸ್ವಂತ ಕಲೆಯೂ: ಚಿತ್ರಕಾರ ಕೆ. ವೆಂಕಟಪ್ಪನವರು

ಕಲೆಯು ವಂಶಪಾರಂಪರ್ಯವಾಗಿ ಬಂದಲ್ಲಿ, ಮಗನು ತಂದೆಯ ರೀತಿಯನ್ನೇ ಅನುಸರಿಸುವುದು ಪರಂಪರೆಯ ರಕ್ಷಣೆಯೆಂದೂ, ಅದನ್ನು ಬಿಟ್ಟು ನಡೆಯುವುದು ಅದರ ಲೋಪವೆಂದೂ ಭಾವಿಸುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಮೈಸೂರಿನ ಕೆ. ವೆಂಕಟಪ್ಪನವರ (1886–1965) ಕೃತಿಗಳಿಂದ ವಿಚಾರಿಸಬಹುದು.

ವೆಂಕಟಪ್ಪನವರು ಮೈಸೂರು ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಜನಿಸಿದವರು. 1565ರಲ್ಲಿ ವಿಜಯನಗರವು ಹಾಳಾದ ಬಳಿಕ ಅಲ್ಲಿಯ ಚಿತ್ರಗಾರರು ಚದರಿ, ಕೆಲವರು ಶ್ರೀರಂಗಪಟ್ಟಣದ ಒಡೆಯರ ಆಶ್ರಯವನ್ನು ಪಡೆದರೆಂಬುದು ಪರಂಪರಾಗತವಾದ ಹೇಳಿಕೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆಗೆ ವಿಶೇಷವಾದ ಪ್ರೋತ್ಸಾಹವು ದೊರೆಯಿತು. ಇವರ ಪದ್ಧತಿಯಲ್ಲಿ ಹುಣಿಸೆಯ ಕಡ್ಡಿಯ ಇದ್ದಲಿನಿಂದ ರೇಖೆಯನ್ನೆಳೆದು, ಬಿಳಿಯ ಪುಡಿಯನ್ನೂ ಅಂಟನ್ನೂ ಸೇರಿಸಿ ಅರೆದ ಸರಿಯಿಂದ ಆಭರಣಾದಿಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚುವರು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ಹೆಚ್ಚು; ಮೈಸೂರಿನವುಗಳಲ್ಲಿ ಅದು ಬಲು ತೆಳು.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಯ ಸರಕಾರೀ ಕಲಾಶಾಲೆಯನ್ನು ಸೇರಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬಸು ಮೊದಲಾದವರು ಸಹಾಧ್ಯಾಯಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥಕ್ಕೆ ಅವರು ಬರೆದ ರಾಮಾಯಣದ ಚಿತ್ರಗಳು ಪ್ರಸಿದ್ಧವಾಗಿವೆ. ಮುಂದೆ ಉದಕಮಂಡಲ, ಕೊಡೈಕನಾಲುಗಳ ಗಿರಿದೃಶ್ಯಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಇವುಗಳಲ್ಲಿ ಚಿನ್ನದ ರೇಕೂ ಇಲ್ಲ, ಮನೆತನದ ದೇವತಾಮೂರ್ತಿಗಳೂ ಇಲ್ಲ. ಹಾಗಾದರೆ ಪಿತ್ರಾರ್ಜಿತವು ಎಲ್ಲಿ ಉಳಿಯಿತು?

ಮೈಸೂರಿನ ಅರಮನೆಗಾಗಿ ಅವರು ಪ್ಲಾಸ್ಟರಿನಲ್ಲಿ ಮಾಡಿದ ಉಬ್ಬುಶಿಲ್ಪಗಳು ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತವೆ. ಫಲಕದ ಮೇಲೆ ತೆಳುವಾದ ಉಬ್ಬಿನಿಂದಲೇ ರೂಪವನ್ನು ಮೂಡಿಸುವ ಕೌಶಲವು ಮನೆತನದ ಸರಿಗೆಲಸಕ್ಕೆ ಸಮೀಪವಾದುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಲಾಗದಿದ್ದರೂ, ಎರಡಕ್ಕೂ ಬೇಕಾದ ಕೈಯ ಸಂಯಮವು ಒಂದೇ ಎನ್ನಬಹುದು. ವೀಣೆ ಶೇಷಣ್ಣನವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡು ದೀರ್ಘಕಾಲ ವೀಣಾಭ್ಯಾಸವನ್ನು ಮಾಡಿದುದರಲ್ಲಿಯೂ ಆ ಸಂಯಮವೇ ಕಾಣುತ್ತದೆ.

ಇಂತಹ ನಿದರ್ಶನವು ದೂರದ ನೈಜೀರಿಯದಲ್ಲಿಯೂ ಉಂಟು. ಒನಿಚಾ ಪಟ್ಟಣದ ಬೆನ್ ಎನ್ವೊನ್ವು (1917–1994) ಸಾಂಪ್ರದಾಯಿಕ ಶಿಲ್ಪಿಯೊಬ್ಬನ ಮಗನು. ತಂದೆಯ ಮರಣಾನಂತರ ಆತನ ಉಳಿಗಳು ಇವನಿಗೆ ಬಂದವು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಓದಿ, ಚಿತ್ರ ಶಿಲ್ಪಗಳೆರಡರಲ್ಲಿಯೂ ಹೆಸರಾದನು. ಲಾಗೋಸಿನ ವಸ್ತುಸಂಗ್ರಹಾಲಯಕ್ಕೆಂದು ಮಾಡಿದ ‘ಅನ್ಯಾನ್ವು’ ಎಂಬ ಕಂಚಿನ ಪ್ರತಿಮೆಯಲ್ಲಿ ಇಗ್ಬೋ ಜನರ ಸೂರ್ಯಭಾವನೆಯು ಹೊಸ ಲೋಹದಲ್ಲಿ ರೂಪತಾಳಿತು. ಪರಕೀಯರ ಆಳ್ವಿಕೆಯಲ್ಲಿ ಸ್ಥಾಪಿತವಾದ ವಿದ್ಯಾಪದ್ಧತಿಯು ಇಬ್ಬರಿಗೂ ಮನೆಯ ಹೊರಗಿನ ದಾರಿಯನ್ನು ತೋರಿಸಿತು. ಆದರೆ ಮನೆಯಲ್ಲಿ ಬಂದುದನ್ನು ಅದು ಅಳಿಸಲಿಲ್ಲ.

ವೆಂಕಟಪ್ಪನವರು ಆಜನ್ಮ ಬ್ರಹ್ಮಚಾರಿಗಳಾಗಿದ್ದುದರಿಂದ ಅವರ ಕಲೆಯು ಸಂತಾನಕ್ಕೆ ದಾಯವಾಗಿ ಇಳಿಯಲಿಲ್ಲ. ಮರಣಾನಂತರ ಬೆಂಗಳೂರಿನಲ್ಲಿ ಅವರ ಹೆಸರಿನಿಂದ ಚಿತ್ರಶಾಲೆಯು ಸ್ಥಾಪಿತವಾಗಿ, ಒಂದು ಮನೆತನದ ಸೊತ್ತು ನಾಡಿನ ಸೊತ್ತಾಯಿತು. ಆದರೆ ಚಿತ್ರಗಳನ್ನು ಕಾಯ್ದಿಡಬಹುದಾದಂತೆ ಕೈಯ ಅಭ್ಯಾಸವನ್ನು ಗೋಡೆಗೆ ತೂಗುಹಾಕಲಾಗದು. ಆಕೃತಿಯು ಬದಲಾದರೂ ಪರಂಪರೆಯು ಬಾಳೀತು. ಅಭ್ಯಾಸವು ನಿಂತರೆ, ಆಕೃತಿಯನ್ನು ಎಷ್ಟು ಜೋಪಾನಮಾಡಿದರೂ ಅದು ಬಾಳಲಾರದು.